ಎರಡು ಬನಿಯನ್, ಒಂದು ಜರ್ಕಿನ್

ಹೈಸ್ಕೂಲಿನ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆಗಾಲ. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಆಗ ಕ್ಲಾಸಲ್ಲಿ ಇಡೀ ದಿನ ಜರ್ಕಿನ್ ಹಾಕಿಕೊಂಡು ಕೂತರೂ ಯಾರೂ ಏನೂ ಕೇಳುವುದಿಲ್ಲ. ಒಳಗೆ ಒಂದರ ಮೇಲೊಂದು ಎರಡು ಬನಿಯನ್ ಇದ್ದರೂ ಗೊತ್ತಾಗುವುದಿಲ್ಲ. ಫೆಬ್ರವರಿ ಬಂದರೆ ಕಷ್ಟ. ಸೆಕೆಯಲ್ಲಿ ಜರ್ಕಿನ್ ಹಾಕಿದವನನ್ನು ಎಲ್ಲರೂ ನೋಡುತ್ತಾರೆ. ನನಗೆ ಬೇಡವಾಗಿದ್ದೇ ಅದು.

ಶುರುವಾದದ್ದು ಎಂಟನೇ ಕ್ಲಾಸಲ್ಲಿ, 2016ರಲ್ಲಿ. ಎಡಗಡೆ ಮೊಲೆತೊಟ್ಟಿನ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಟ್ಟಿ ಗಂಟು. ಬ್ಯಾಗಿನ ಪಟ್ಟಿ ತಾಗಿದರೆ ನೋವು. ಸ್ವಲ್ಪ ದಿನಕ್ಕೆ ಬಲಗಡೆಯೂ ಬಂತು. ಶರ್ಟಿನ ಮೇಲೆ ಸ್ವಲ್ಪ ಉಬ್ಬಿ ಕಾಣುತ್ತಿತ್ತು. ಎಷ್ಟು ಸ್ವಲ್ಪ ಅಂದರೆ, ಈಗ ಆಗಿನ ಗ್ರೂಪ್ ಫೋಟೋ ತೆಗೆದು ನೋಡಿದರೆ ಹುಡುಕಿ ನೋಡಬೇಕು. ಆಗ ಮಾತ್ರ ನನಗೆ ಫೋಟೋದಲ್ಲಿ ಅದೊಂದೇ ಕಾಣುತ್ತಿತ್ತು. ಕ್ಯಾನ್ಸರ್ ಇರಬಹುದು ಅಂತ ಒಂದು ರಾತ್ರಿ ಅನ್ನಿಸಿದರೆ, ನಾನು ಹುಡುಗಿ ಆಗ್ತಿದೀನಾ ಅಂತ ಇನ್ನೊಂದು ರಾತ್ರಿ ಅನ್ನಿಸುತ್ತಿತ್ತು. ಯಾರನ್ನು ಕೇಳುವುದು? ಅಮ್ಮನಿಗೆ ಹೇಳಲು ನಾಚಿಕೆ. ಅಪ್ಪಯ್ಯನ ಹತ್ತಿರ ಮಾತಾಡುವುದೇ ತೋಟದ ಕೆಲಸ ಮತ್ತು ಮಾರ್ಕ್ಸ್ ಬಗ್ಗೆ.

ಮುಚ್ಚಿಕೊಳ್ಳುವುದರಲ್ಲಿ ನಾನು ಎಷ್ಟು ಪಳಗಿದೆ ಅಂದರೆ ಅದರ ಮೇಲೆ ಒಂದು ಪುಸ್ತಕ ಬರೆಯಬಹುದು. ಬ್ಯಾಗ್ ಯಾವಾಗಲೂ ಎದೆ ಮೇಲೆ. ಭುಜ ಮುಂದಕ್ಕೆ ಬಾಗಿಸಿ ನಡೆಯುವುದು. ಎರಡು ಬೆರಳಲ್ಲಿ ಶರ್ಟ್ ಹಿಡಿದು ನಿಮಿಷಕ್ಕೊಮ್ಮೆ ಮುಂದಕ್ಕೆ ಎಳೆಯುವುದು. ಬೆಂಚಿನಲ್ಲಿ ಗೋಡೆ ಕಡೆಯ ಜಾಗ ಹಿಡಿಯುವುದು. ಓಡಬೇಕಾದ ಆಟ ಬಂದರೆ ಹೊಟ್ಟೆನೋವು. ಅಡಕೆ ಕೊನೆ ಕೊಯ್ಲಿನ ಕಾಲದಲ್ಲಿ ತೋಟದಲ್ಲಿ ಗಂಡಸರೆಲ್ಲ ಬರೀ ಮೈಯಲ್ಲಿ ಓಡಾಡಿದರೆ ನಾನೊಬ್ಬ ತುಂಬು ತೋಳಿನ ಅಂಗಿ. ಬೇಸಿಗೆಯಲ್ಲಿ ಓರಗೆಯವರೆಲ್ಲ ತುಂಗಾ ನದಿಗೆ ಈಜಲು ಹೋದಾಗ ದಡದಲ್ಲಿ ಬಟ್ಟೆ ಕಾಯುವ ಕೆಲಸ ನನ್ನದು. ಮನೆಗೆ ಬಂದ ಕೂಡಲೇ ಬಚ್ಚಲಿನ ಬಾಗಿಲು ಹಾಕಿ, ಕನ್ನಡಿ ಮುಂದೆ ಅಡ್ಡ ತಿರುಗಿ ನಿಂತು ನೋಡುವುದು. ಮುಟ್ಟಿ ನೋಡುವುದು. ನಿನ್ನೆಗಿಂತ ದೊಡ್ಡದಾಯ್ತಾ ಅಂತ.

ಶಾಲೆಯಲ್ಲಿ ಒಬ್ಬ ಹುಡುಗ ಒಮ್ಮೆ ಹಿಂದಿನಿಂದ ಬಂದು ಹಿಂಡಿದ. 'ಆಂಟಿ' ಅಂತ ಹೆಸರಿಟ್ಟ. ಆ ಹೆಸರು ಹೆಚ್ಚು ದಿನ ನಡೆಯಲಿಲ್ಲ. ಅವರಿಗೆ ಬೇರೆ ಯಾರೋ ಸಿಕ್ಕರು. ನನ್ನ ತಲೆಯಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯಿತು. ಮದುವೆ ಮನೆಯಲ್ಲಿ ನಮ್ಮ ಭಾವ ಒಬ್ಬರು ಊಟದ ಪಂಕ್ತಿಯಲ್ಲೇ, "ಏನ್ ಮಾರಾಯ, ನಿಂಗೂ ಒಂದು ಬಾಡಿ ತರ್ಸಬೇಕಾ?" ಅಂದರು. ಸುತ್ತಲೂ ನಗು. ಭಾವ ಕೆಟ್ಟವರಲ್ಲ. ನಮ್ಮ ಕಡೆ ಭಾವ ಅಂದರೆ ತಮಾಷೆ ಮಾಡಲೇಬೇಕು, ಅದು ಅವರ ಹಕ್ಕು. ಬಹುಶಃ ಕೈ ತೊಳೆಯುವಷ್ಟರಲ್ಲಿ ಅವರಿಗೆ ಮರೆತೂ ಹೋಗಿರಬೇಕು.

ಅದೇ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ನಮ್ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಗುಡ್ಡದ ಮೇಲೆ ರಸ್ತೆ ತಿರುಗುವ ಜಾಗದಲ್ಲಿ ಸಿಗುತ್ತಿತ್ತು. ಸಂಜೆ ಊರಿನ ಹುಡುಗರೆಲ್ಲ ಅಲ್ಲೇ. ಅವರು ಕ್ರಿಕೆಟ್ ನೋಡಿದರೆ ನಾನು 'ಎದೆ ಕಮ್ಮಿ ಮಾಡುವುದು ಹೇಗೆ' ಅಂತ ಹುಡುಕುತ್ತಿದ್ದೆ. ಒಮ್ಮೆ ಹುಡುಕಿದರೆ ಸಾಕಲ್ವಾ, ಮುಂದೆ ಅದೇ ಬಂದು ಬೀಳುತ್ತದೆ. ಮೊದಲು ಹೀಗಿದ್ದೆ, ಮೂರು ತಿಂಗಳಲ್ಲಿ ಹೀಗಾದೆ ಅನ್ನುವ ವಿಡಿಯೋಗಳು. ಎಣ್ಣೆ ಹಚ್ಚಿದ ಎದೆಗಳು. ಆಮೇಲೆ ಆಪರೇಷನ್ ಜಾಹೀರಾತುಗಳು.

ನಾನು ಅನ್ನ ಬಿಟ್ಟೆ. ಅನ್ನ ಬಿಟ್ಟವನು ಅಂದರೆ ನಮ್ಮ ಮನೆಯಲ್ಲಿ ಕಾಯಿಲೆಯವನು ಅಂತಲೇ ಅರ್ಥ. ಅಜ್ಜಿ ದಿನಾ ಬೈಯುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪುಷ್‌ಅಪ್. ತೂಕ ಇಳಿಯಿತು, ಗಂಟು ಇಳಿಯಲಿಲ್ಲ. ತಲೆ ತುಂಬ ಮಾತ್ರ ಊಟದ್ದೇ ಯೋಚನೆ. ಲೆಕ್ಕದ ಪಾಠ ನಡೆಯುವಾಗ ಕಡುಬು, ಸಮಾಜ ಪಾಠ ನಡೆಯುವಾಗ ನೀರುದೋಸೆ. ನನ್ನದು ಬರೀ ಆಸೆಬುರುಕ ಬುದ್ಧಿ ಅಂದುಕೊಂಡಿದ್ದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರಂತೆ. ಅವರೂ ಹಗಲು ರಾತ್ರಿ ಊಟದ ಬಗ್ಗೆಯೇ ಮಾತಾಡತೊಡಗಿದರು. ಅಡುಗೆ ಪುಸ್ತಕ ಕೂಡಿಡತೊಡಗಿದರು. ಮಂಕಾದರು, ಸಿಡುಕಿದರು. ಹೊಟ್ಟೆ ಖಾಲಿ ಇಟ್ಟರೆ ಯಾರ ಮನಸ್ಸಾದರೂ ಹಾಗೇ ಆಗುತ್ತದೆ. ಇದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ.

ವಿಷಯ ಮನೆಯಲ್ಲಿ ಹೊರಬಿದ್ದದ್ದು ಒಂದು ಫೋನಿನಿಂದ. ಆ ಜಾಹೀರಾತಿನಲ್ಲಿ ಒಂದು ಫಾರಂ ಇತ್ತು. ಪಿಯುಸಿಗೆ ಸೇರಿದ ಹೊಸದರಲ್ಲಿ, 2019ರಲ್ಲಿ, ಅದನ್ನು ತುಂಬಿ ಮನೆಯ ನಂಬರ್ ಕೊಟ್ಟಿದ್ದೆ. ಮನೆಯ ನಂಬರ್ ಅಂದರೆ ಅಪ್ಪಯ್ಯನ ನಂಬರ್. ಅಪ್ಪಯ್ಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ ಸುಣ್ಣ ಕಲಸುತ್ತಾ ಇದ್ದರು. ಕೈ ತೊಳೆದುಕೊಂಡು ಬಂದು ಕರೆದರು.

"ಏ, ಬಾರಾ ಇಲ್ಲಿ. ಬೆಂಗಳೂರಿಂದ ಯಾರೋ ಹುಡುಗಿ ಫೋನ್ ಮಾಡಿದ್ಲು. ನಿಂಗೆ ಎಂತದೋ ಆಪರೇಷನ್ ಅಂತೆ? ಬರೋ ವಾರ ಬಂದ್ರೆ ಡಿಸ್ಕೌಂಟ್ ಅಂತೆ?"

ನನ್ನ ಮೈ ನೋಡದೆ, ವಯಸ್ಸು ಕೇಳದೆ ಆಪರೇಷನ್ನಿಗೆ ದಿನ ಕೊಡಲು ತಯಾರಿದ್ದ ಆ ಕ್ಲಿನಿಕ್ಕಿನ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರು ಫೋನ್ ಮಾಡದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ ಅನ್ನುವುದೂ ನಿಜ.

ಅಮ್ಮ ಅತ್ತರು. ಅಪ್ಪಯ್ಯ ಏನೂ ಹೇಳಲಿಲ್ಲ. ಮಾರನೇ ದಿನ ತೀರ್ಥಹಳ್ಳಿಯ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರು, ನಿಧಾನಸ್ಥರು. ಅಪ್ಪಯ್ಯನನ್ನು ಹೊರಗೆ ಕೂರಿಸಿದರು. ಯಾವುದಾದರೂ ಮಾತ್ರೆ, ಜಿಮ್ಮಿನ ಪುಡಿ ತಗೊಳ್ತೀಯಾ, ತೊಟ್ಟಿನಿಂದ ನೀರು ಬರುತ್ತಾ, ಯಾವಾಗ ಶುರುವಾಯ್ತು ಎಂದೆಲ್ಲ ಕೇಳಿದರು. ಎದೆ ಒತ್ತಿ ನೋಡಿದರು. ವೃಷಣವನ್ನೂ ನೋಡಿದರು. ನಾಚಿಕೆಯಾಯ್ತು, ಆದರೆ ಅವರು ಗಂಟಲು ನೋಡಿದಷ್ಟೇ ಸಹಜವಾಗಿ ನೋಡಿದ್ದರಿಂದ ಬೇಗ ಮುಗಿಯಿತು. ಆಮೇಲೆ ವಿವರಿಸಿದರು. ಹುಡುಗರ ಮೈಯಲ್ಲೂ ಈಸ್ಟ್ರೋಜನ್ ಇರುತ್ತದೆ. ದೊಡ್ಡವರಾಗುವ ವಯಸ್ಸಲ್ಲಿ ಅದು ಮತ್ತು ಗಂಡು ಹಾರ್ಮೋನು ಸ್ವಲ್ಪ ಕಾಲ ಹೆಚ್ಚು ಕಡಿಮೆಯಾಗುತ್ತವೆ. ಆಗ ತೊಟ್ಟಿನ ಹಿಂದೆ ಗ್ರಂಥಿ ಬೆಳೆಯುತ್ತದೆ. ಹೆಚ್ಚು ಕಡಿಮೆ ಅರ್ಧದಷ್ಟು ಹುಡುಗರಿಗೆ ಆಗುತ್ತದೆ. ಬಹಳಷ್ಟು ಜನರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗೇ ಇಳಿಯುತ್ತದೆ. ಗ್ರಂಥಿ ಆದ್ದರಿಂದ ಪುಷ್‌ಅಪ್ ಹೊಡೆದರೆ ಕರಗುವುದಿಲ್ಲ.

"ಅರ್ಧದಷ್ಟು ಹುಡುಗರಾ?" ಅಂದೆ. ನನ್ನ ಕ್ಲಾಸಿನ ಹುಡುಗರ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದವು. ಅವರೂ ಮುಚ್ಚಿಕೊಂಡಿದ್ದರಾ ಹಾಗಾದರೆ?

ಡಾಕ್ಟರು ಹೇಳಿದ ಇನ್ನೊಂದು ಮಾತು ಇನ್ನೂ ವಿಚಿತ್ರ. "ನಿಂಗೆ ಹೋಗೇ ಬಿಟ್ಟಿದೆಯಲ್ಲೋ. ಕೈಗೆ ಸಿಗೋದೇ ಇಲ್ಲ." ನಾನು ನಂಬಲಿಲ್ಲ. ಅದೇ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದ್ದೆ, ಇತ್ತು. ವಾದ ಮಾಡಿದೆ. ಅವರು ವಾದಕ್ಕೆ ಇಳಿಯಲಿಲ್ಲ. "ದಿನಕ್ಕೆ ಎಷ್ಟು ಹೊತ್ತು ಇದನ್ನೇ ಯೋಚನೆ ಮಾಡ್ತೀಯ? ಒಂದು ಗಂಟೆಗಿಂತ ಜಾಸ್ತಿ?" ಅಂದರು. ನನಗೆ ನಗು ಬಂತು. ಯೋಚನೆ ಮಾಡದ ಗಂಟೆ ಯಾವುದು ಅಂತ ಕೇಳಿದ್ದರೆ ಲೆಕ್ಕ ಕೊಡಬಹುದಿತ್ತು. ಅವರು ಶಿವಮೊಗ್ಗದ ಒಬ್ಬ ಮನೋವೈದ್ಯರಿಗೆ ಚೀಟಿ ಬರೆದರು.

ಶಿವಮೊಗ್ಗಕ್ಕೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕಾಗಲೆಲ್ಲ ಅಪ್ಪಯ್ಯ, "ಇವ್ನಿಗೆ ಕಣ್ಣು ತೋರ್ಸಕ್ಕೆ" ಅಂದರು. ಮಂಡಗದ್ದೆ ದಾಟುವವರೆಗೂ ಆ ಕಣ್ಣಿನ ಕಥೆ ಬೆಳೆಯುತ್ತಲೇ ಇತ್ತು. ಮನಸ್ಸಿನ ಡಾಕ್ಟರು ಅಂದರೆ ನಮ್ಮ ಕಡೆ ಇನ್ನೂ ಹಾಗೇ. ನನಗೂ ಹಾಗೇ ಹೇಳಿದ್ದು ಸಮಾಧಾನವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೋವೈದ್ಯರು ನಿದ್ದೆ, ಊಟ, ಓದು ಎಲ್ಲ ಕೇಳಿದರು. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದರು. ಅಷ್ಟು ನೇರವಾಗಿ ಕೇಳಿದ್ದಕ್ಕೆ ಹೇಳುವುದು ಸುಲಭವಾಯ್ತು. ಸದ್ಯಕ್ಕೆ ಮಾತ್ರೆ ಬೇಡ, ಬೇಕಾದರೆ ಮುಂದೆ ನೋಡೋಣ ಅಂದು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ಅವರನ್ನು ಇಲ್ಲಿ ಮೇಡಂ ಅಂತಲೇ ಕರೆಯುತ್ತೇನೆ. ಮುಂದಿನ ಕೆಲವು ತಿಂಗಳು ನಡೆದದ್ದೆಲ್ಲ ಅವರ ಚಿಕ್ಕ ಕೋಣೆಯಲ್ಲಿ.

ಮೊದಲ ಸಲ ನಾನು ಕಾದದ್ದು ಅವರು ಏನು ಹೇಳಬಹುದು ಅಂತ. 'ನೀನು ಚೆನ್ನಾಗೇ ಇದೀಯ' ಅನ್ನುತ್ತಾರೆ, ನಾನು ನಂಬುವುದಿಲ್ಲ, ಅಲ್ಲಿಗೆ ಮುಗಿಯಿತು. ಅವರು ಹಾಗೆ ಅನ್ನಲೇ ಇಲ್ಲ. ಒಂದು ಬಿಳಿ ಹಾಳೆ ತೆಗೆದು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದೆ ಹೇಳು ಅಂದರು. ಬನಿಯನ್, ಬ್ಯಾಗ್, ಗೋಡೆ ಕಡೆಯ ಜಾಗ, ಕನ್ನಡಿ ಎಲ್ಲ ಬರೆದುಕೊಂಡರು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಮಾಡಿದ ಮೇಲೆ ಮನಸ್ಸಿಗೆ ಹೇಗನ್ನಿಸಿತು? ಎಷ್ಟು ಹೊತ್ತು ಹಾಗಿತ್ತು? ಉತ್ತರವೂ ಹೆಚ್ಚು ಕಡಿಮೆ ಒಂದೇ. ಆ ಕ್ಷಣಕ್ಕೆ ಹಗುರ. ಸ್ವಲ್ಪ ಹೊತ್ತಿಗೆ ಮತ್ತೆ ಭಯ.

ಬಾಣದ ಗುರುತು ಹಾಕಿ ಹಾಳೆ ನನ್ನ ಕಡೆ ತಿರುಗಿಸಿದರು. ಭಯ ಬಂದರೆ ಮುಚ್ಚಿಕೊಳ್ಳುತ್ತೀಯ. ಮುಚ್ಚಿಕೊಂಡಾಗ ಯಾರೂ ಏನೂ ಅನ್ನುವುದಿಲ್ಲ. ಮುಚ್ಚಿಕೊಂಡಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಮುಚ್ಚಿಕೊಳ್ಳದಿದ್ದರೆ ಏನಾಗುತ್ತಿತ್ತು ಅಂತ ನೋಡುವ ಅವಕಾಶವೇ ಬರುವುದಿಲ್ಲ. ಕನ್ನಡಿಯದ್ದೂ ಅದೇ. ಮೈಯ ಒಂದೇ ಜಾಗವನ್ನು ಹತ್ತಿರದಿಂದ, ಮತ್ತೆ ಮತ್ತೆ, ತಪ್ಪು ಹುಡುಕುವ ಕಣ್ಣಿಂದ ನೋಡಿದರೆ ಯಾರ ಮೈಯಲ್ಲಾದರೂ ತಪ್ಪು ಸಿಗುತ್ತದೆ. ಗಂಟು ಹೋದರೂ ನನ್ನ ಸಂಕಟ ಯಾಕೆ ಹೋಗಲಿಲ್ಲ ಅನ್ನುವುದು ಆ ಹಾಳೆಯಲ್ಲಿತ್ತು. ಆಮೇಲೆ ಅಮ್ಮನಿಗೆ ಇದನ್ನೇ ವಿವರಿಸಲು ಹೋಗಿ ಒದ್ದಾಡುತ್ತಿದ್ದಾಗ ಅವರೇ ಇಂಬಳದ (ಜಿಗಣೆಯ) ಹೋಲಿಕೆ ಕೊಟ್ಟು ಒಂದೇ ಮಾತಲ್ಲಿ ಹೇಳಿಬಿಟ್ಟರು: "ಇಂಬಳ ಬಿದ್ದು ಹೋದ್ರೂ ಕೆರ್ಕೊಳದು ಬಿಡಲ್ಲ ನೀನು, ಅಷ್ಟೇ ತಾನೆ?"

ಎಲ್ಲರೂ ನನ್ನನ್ನೇ ನೋಡ್ತಾರೆ ಅಂತ ನಾನು ಹೇಳಿದಾಗ ಮೇಡಂ ಅದನ್ನು ತಳ್ಳಿಹಾಕಲಿಲ್ಲ. ಹದಿಹರೆಯದ ಮನಸ್ಸು ಹಾಗೇ ಇರುತ್ತದೆ ಅಂದರು. ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲೇ ಇದನ್ನು ಬರೆದಿದ್ದಾರಂತೆ. ಬೇರೆಯವರ ತಲೆಯಲ್ಲೂ ಯೋಚನೆ ಓಡುತ್ತದೆ ಅಂತ ಆ ವಯಸ್ಸಲ್ಲಿ ಚೆನ್ನಾಗಿ ಹೊಳೆಯತೊಡಗುತ್ತದೆ. ಆದರೆ ಅವರ ಯೋಚನೆಯೂ ನನ್ನ ಬಗ್ಗೆಯೇ ಅಂದುಕೊಳ್ಳುತ್ತೇವೆ. ನಾವು ಸದಾ ವೇದಿಕೆ ಮೇಲೆ, ಎದುರಿಗೆ ಇಲ್ಲದ ಪ್ರೇಕ್ಷಕರು. 2000ದಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನೂ ಹೇಳಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಗೆ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತ ಕೋಣೆಗೆ ಕಳಿಸುತ್ತಿದ್ದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ ಹಾಕಿಕೊಂಡವರು ಹತ್ತಿರ ಹತ್ತಿರ ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು.

ಹಾಗಾದರೆ ಕಾಲು ಭಾಗ ನೋಡುತ್ತಾರೆ ತಾನೆ ಅಂದೆ. ಮೇಡಂ ನಕ್ಕರು. "ನೋಡ್ತಾರೆ. ನೋಡಿ ಏನ್ಮಾಡ್ತಾರೆ ಅನ್ನೋದನ್ನ ನೀನೇ ಕಂಡುಹಿಡಿ."

ನನಗೆ ಎಲ್ಲಕ್ಕಿಂತ ನೆನಪಿರುವುದು ಅಪ್ಪಯ್ಯನನ್ನೂ ಒಳಗೆ ಕೂರಿಸಿದ ದಿನ. ಅಪ್ಪಯ್ಯ ಮೊದಲೇ ತೀರ್ಪು ಕೊಟ್ಟರು: "ಎಲ್ಲಾ ಈ ಫೋನಿಂದ ಮೇಡಮ್ಮಾರೆ." ಮೇಡಂ ಹೌದು ಅಂದರು, ಆದರೆ ಪೂರ್ತಿ ಹೌದು ಅನ್ನಲಿಲ್ಲ. ಫಿಜಿ ದ್ವೀಪದ ಕಥೆ ಹೇಳಿದರು. ಅಲ್ಲಿ ಮೈ ತುಂಬಿಕೊಂಡಿರುವುದೇ ಚೆಂದ ಅನ್ನುವ ಪದ್ಧತಿ. 1995ರಲ್ಲಿ ಒಂದು ಪ್ರಾಂತ್ಯಕ್ಕೆ ಟಿವಿ ಬಂತು. ಆ್ಯನ್ ಬೆಕರ್ ಎಂಬ ಸಂಶೋಧಕಿ ಆಗ ಒಮ್ಮೆ, 1998ರಲ್ಲಿ ಒಮ್ಮೆ ಹೈಸ್ಕೂಲು ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದ ಮೇಲೆ ನೂರಕ್ಕೆ ಹನ್ನೊಂದು ಜನ ಹಾಗೆ ಮಾಡುತ್ತೇವೆ ಅಂದರು. ಯಾವ ಮೈ ಚೆಂದ ಅನ್ನುವುದನ್ನು ನಾವು ಕಲಿಯುತ್ತೇವೆ, ಬೇಗ ಕಲಿಯುತ್ತೇವೆ.

"ಆದ್ರೆ ಫೋನ್ ಒಂದೇ ಅಲ್ಲ. ನಿಮ್ಮ ಕಾಲದಲ್ಲಿ ಹುಡುಗರಿಗೆ ಇದು ಆಗ್ತಿರ್ಲಿಲ್ವಾ?" ಅಂದರು.

ಅಪ್ಪಯ್ಯ ಸ್ವಲ್ಪ ಹೊತ್ತು ಟೇಬಲ್ ನೋಡಿದರು. "ನಂಗೂ ಇತ್ತು" ಅಂದರು.

ನಾನು ತಿರುಗಿ ನೋಡಿದೆ. ಅಪ್ಪಯ್ಯ ನನ್ನ ಕಡೆ ನೋಡಲಿಲ್ಲ, ಮೇಡಂಗೇ ಹೇಳುತ್ತಾ ಹೋದರು. ಒಂಬತ್ತನೇ ಕ್ಲಾಸಲ್ಲೋ ಏನೋ. ನೋವಾಗುತ್ತಿತ್ತು. ಎಲ್ಲರಿಗೂ ಹೀಗೇ ಆಗುತ್ತೆ ಅಂದುಕೊಂಡಿದ್ದರಂತೆ. ಮನೆಯಲ್ಲಿ ಇದ್ದದ್ದು ಅಜ್ಜನ ಗಡ್ಡ ಕೆರೆಯುವ ಕನ್ನಡಿ ಒಂದೇ, ಅದರಲ್ಲಿ ಮುಖವೂ ಪೂರ್ತಿ ಕಾಣುತ್ತಿರಲಿಲ್ಲ. ಗೊನೆ ಹೊರುವುದು, ದರಕು ಹೊರುವುದು, ಹಳ್ಳದಲ್ಲಿ ಸ್ನಾನ. ಯಾವಾಗ ಹೋಯಿತು ಅಂತಲೂ ನೆನಪಿಲ್ಲ.

ನೋಡಿದಿರಾ, ಆಗಿನ ಕಾಲವೇ ಚೆನ್ನಾಗಿತ್ತು ಅನ್ನುವ ಧಾಟಿಗೆ ಮಾತು ತಿರುಗುತ್ತಿತ್ತು. ಅಷ್ಟರಲ್ಲಿ ಅಪ್ಪಯ್ಯನೇ ಇನ್ನೊಂದು ಹೇಳಿದರು. ಅವರ ಜೊತೆ ಒಬ್ಬ ಹುಡುಗ ಇದ್ದ. ಅವನಿಗೂ ಇತ್ತು. ಅವನಿಗೆ ಎಲ್ಲರೂ ಒಂದು ಅಡ್ಡಹೆಸರು ಇಟ್ಟಿದ್ದರು. "ನಾನೂ ಕರೀತಿದ್ದೆ" ಅಂದರು. ಆ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲಿಲ್ಲ. ಬೇರೆ ಊರಿಗೆ ಹೋಟೆಲ್ ಕೆಲಸಕ್ಕೆ ಹೋದ. ಅದಕ್ಕೇ ಹೋದನಾ, ಬೇರೆ ಕಾರಣ ಇತ್ತಾ, ಅಪ್ಪಯ್ಯ ಯಾವತ್ತೂ ವಿಚಾರಿಸಿರಲಿಲ್ಲ.

ಒಂದೇ ಊರು, ಒಂದೇ ವಯಸ್ಸು, ಒಂದೇ ಗಂಟು. ಫೋನ್ ಇಲ್ಲ, ಜಿಮ್ ಇಲ್ಲ. ಅಪ್ಪಯ್ಯನಿಗೆ ಏನೂ ಆಗಲಿಲ್ಲ, ಆ ಹುಡುಗನಿಗೆ ಆಯಿತು. ಏನು ವ್ಯತ್ಯಾಸ ಅಂತ ಮೇಡಂ ಇಬ್ಬರನ್ನೂ ಕೇಳಿದರು. ಹೆಸರಿಟ್ಟು ಕರೆದದ್ದು, ಅಂದೆ ನಾನು. ಅಪ್ಪಯ್ಯ ತಲೆ ಆಡಿಸಿದರು. ಮೈ ಬಗ್ಗೆ ಬೀಳುವ ಒತ್ತಡ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ ಅಂತ ಈ ವಿಷಯದ ಸಂಶೋಧಕರು 1999ರಲ್ಲೇ ಬರೆದಿದ್ದಾರೆ ಎಂದು ಮೇಡಂ ಹೇಳಿದರು: ಮನೆ, ಓರಗೆಯವರು, ಮಾಧ್ಯಮ. ಅಲ್ಲಿಂದ ಎರಡು ಅಭ್ಯಾಸ ಮನಸ್ಸಿಗೆ ಇಳಿಯುತ್ತವೆ. ಇಂಥ ಮೈ ಇರಲೇಬೇಕು ಅನ್ನುವ ಅಳತೆಗೋಲು ನಮ್ಮದೇ ಆಗಿಬಿಡುತ್ತದೆ, ಮತ್ತು ಸಿಕ್ಕವರ ಜೊತೆಯೆಲ್ಲ ಹೋಲಿಸಿ ನೋಡತೊಡಗುತ್ತೇವೆ. ಹೋಲಿಸುವುದು ಮನುಷ್ಯನ ಸ್ವಭಾವವೇ, ಅದೊಂದು ರೋಗ ಅಲ್ಲ. ಆದರೆ ಅಪ್ಪಯ್ಯ ಹೋಲಿಸಿಕೊಂಡದ್ದು ಹಳ್ಳದಲ್ಲಿ ಜೊತೆಗೆ ಸ್ನಾನ ಮಾಡುವ ಏಳೆಂಟು ಹುಡುಗರ ಜೊತೆ, ಅವರಲ್ಲಿ ಮೂರ್ನಾಲ್ಕು ಜನಕ್ಕೆ ಅದೇ ಗಂಟು ಇದ್ದಿರಬೇಕು. ನಾನು ಹೋಲಿಸಿಕೊಂಡದ್ದು ಎಲ್ಲೋ ಇರುವ, ಬೆಳಕು ಹಾಕಿ ಆರಿಸಿ ತೆಗೆದ ಎದೆಗಳ ಜೊತೆ. ನನ್ನ ಕ್ಲಾಸಿನ ಹುಡುಗರ ಬರೀ ಮೈ ನಾನು ನೋಡಿರಲೇ ಇಲ್ಲ. ನದಿ ದಡದಲ್ಲೂ ತಲೆ ತಗ್ಗಿಸಿಯೇ ಕೂತಿರುತ್ತಿದ್ದೆ.

ಇನ್ನೊಂದು ಎಳೆ ಹೊರಬರಲು ತಡವಾಯ್ತು. ಇದು ನನಗೆ ಚೆಂದದ ಪ್ರಶ್ನೆ ಆಗಿರಲೇ ಇಲ್ಲ, ಗಂಡಸುತನದ ಪ್ರಶ್ನೆ ಆಗಿತ್ತು. 'ಆಂಟಿ' ಅನ್ನುವುದು ಯಾಕೆ ಅಷ್ಟು ನೋಯಿಸಿತು? ಹೆಣ್ಣಿನ ಹಾಗೆ ಇರುವುದು ಅವಮಾನ ಅಂತ ನಾನೂ ನಂಬಿದ್ದಕ್ಕೆ. ಹುಡುಗರು ಈ ಸಂಕಟ ಹೇಳಿಕೊಳ್ಳದಿರುವುದಕ್ಕೂ ಅದೇ ಕಾರಣ ಅಂತ ನನ್ನ ಅನಿಸಿಕೆ. ಮೈ ಬಗ್ಗೆ ಕೊರಗುವುದೇ ಹೆಣ್ಣುಮಕ್ಕಳ ಕೆಲಸ ಅಂದುಕೊಂಡಿದ್ದೇವೆ. ಹಾಗಾಗಿ ಕೊರಗಿದ್ದಕ್ಕೆ ಇನ್ನೊಂದು ಕೊರಗು. ಜಿಮ್ಮಿಗೆ ಹೋಗಿ ಮೈ ಕಟ್ಟುವವರಲ್ಲೂ ಎಷ್ಟು ಬೆಳೆದರೂ ಸಾಲದು, ನಾನು ಸಣಕಲ ಅಂತಲೇ ಕಾಣುವವರು ಇದ್ದಾರೆ. 1997ರಲ್ಲಿ ವೈದ್ಯರು ಅದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತ ಹೆಸರು ಕೊಟ್ಟರು. ನೋಡುವವರ ಕಣ್ಣಿಗೆ ಅವರು ಗಟ್ಟಿಮುಟ್ಟು ಹುಡುಗರು.

ಕೆಲಸದ ಭಾಗಕ್ಕೆ ಬರುತ್ತೇನೆ. ಮೇಡಂ ಮತ್ತು ನಾನು ಕೂತು ಒಂದು ಏಣಿ ಬರೆದೆವು. ಕೆಳಗಿನ ಮೆಟ್ಟಿಲು ಸುಲಭದ್ದು, ಮೇಲಿನದು ಕಷ್ಟದ್ದು. ಎರಡು ಬನಿಯನ್ ಬದಲು ಒಂದು. ಬ್ಯಾಗ್ ಬೆನ್ನಿಗೆ. ಭುಜ ನೆಟ್ಟಗೆ. ಜರ್ಕಿನ್ ಇಲ್ಲದೆ ಒಂದು ಪೀರಿಯಡ್, ಆಮೇಲೆ ಇಡೀ ದಿನ. ಟೀ ಶರ್ಟ್ ಹಾಕಿ ಅಂಗಡಿಗೆ. ದೇವಸ್ಥಾನದಲ್ಲಿ ಶರ್ಟ್ ತೆಗೆಯುವುದು. ಎಲ್ಲಕ್ಕಿಂತ ಮೇಲೆ ನದಿ. ಪ್ರತಿ ಮೆಟ್ಟಿಲಿಗೆ ಮೊದಲು ಏನಾಗಬಹುದು ಅಂತ ಬರೆಯಬೇಕು, ಆದ ಮೇಲೆ ನಿಜವಾಗಿ ಏನಾಯ್ತು ಅಂತ ಬರೆಯಬೇಕು. ಬರೆಯದಿದ್ದರೆ ಮನಸ್ಸು ಆಮೇಲೆ ಲೆಕ್ಕ ತಿದ್ದುತ್ತದೆ ಅಂತ ಮೇಡಂ.

ಕನ್ನಡಿಗೆ ಬೇರೆ ಪಾಠ. ದಿನಕ್ಕೆ ಇಷ್ಟೇ ಸಲ. ಒಂದು ಕೈಯಳತೆ ದೂರ ನಿಲ್ಲಬೇಕು. ತಲೆಯಿಂದ ಕಾಲಿನವರೆಗೆ ಕ್ರಮವಾಗಿ ನೋಡುತ್ತಾ, ಪೊಲೀಸರು ಚಹರೆ ಬರೆಯುವ ಧಾಟಿಯಲ್ಲಿ ಜೋರಾಗಿ ಹೇಳಬೇಕು. ಕೂದಲು ಗುಂಗುರು. ಕುತ್ತಿಗೆ ಉದ್ದ. ಎಡ ಮೊಣಕೈ ಮೇಲೆ ಗಾಯದ ಕಲೆ. ಚೆನ್ನಾಗಿದೆ, ಕೆಟ್ಟದಾಗಿದೆ ಅನ್ನುವ ಹಾಗಿಲ್ಲ. ಎದೆ ಬಂದರೆ ಅಲ್ಲೇ ನಿಲ್ಲುವ ಹಾಗಿಲ್ಲ, ಹೊಟ್ಟೆಗೆ ಇಳಿಯಬೇಕು. ಇದು ಹುಚ್ಚಾಟ ಅನ್ನಿಸಿತ್ತು. ಬಚ್ಚಲಲ್ಲಿ ನಾನು ಒಬ್ಬನೇ ಮಾತಾಡುವುದು ಕೇಳಿ ಅಜ್ಜಿಗೆ ಗಾಬರಿಯಾಗಿ, ದೃಷ್ಟಿ ತೆಗೆದರು. ಆದರೆ ಕೆಲವು ವಾರಕ್ಕೆ ಒಂದು ವಿಚಿತ್ರ ಆಯ್ತು. ನನಗೆ ಕಾಲುಗಳಿವೆ ಅಂತ ಗೊತ್ತಾಯ್ತು. ವರ್ಷಗಳಿಂದ ನನ್ನ ಮೈ ಅಂದರೆ ಎರಡು ಚುಕ್ಕೆ ಮಾತ್ರ ಆಗಿತ್ತು.

ದೇವಸ್ಥಾನದ ಮೆಟ್ಟಿಲು ಕಾರ್ತಿಕದಲ್ಲಿ ಬಂತು. ನಮ್ಮ ಮನೆದೇವರ ಗುಡಿಯಲ್ಲಿ ಗಂಡಸರು ಶರ್ಟು ಬನಿಯನ್ ತೆಗೆದೇ ಒಳಗೆ ಹೋಗಬೇಕು. ದೀಪೋತ್ಸವದ ದಿನ ನೆಂಟರೆಲ್ಲ ಬರುತ್ತಾರೆ. ಹಾಳೆಯಲ್ಲಿ ಬರೆದೆ: ಎಲ್ಲರೂ ನೋಡುತ್ತಾರೆ, ಭಾವ ಮತ್ತೆ ಏನಾದರೂ ಹೇಳುತ್ತಾರೆ, ನಾನು ಅಳುತ್ತೇನೆ. ಶರ್ಟ್ ಗುಂಡಿ ಬಿಚ್ಚುವಾಗ ಕೈ ನಡುಗಿತು. ಶಲ್ಯ ಎದೆ ಮೇಲೆ ಎಳೆದುಕೊಳ್ಳಬಾರದು ಅಂತ ಮೇಡಂ ಮೊದಲೇ ಕರಾರು ಹಾಕಿದ್ದರು. ಒಳಗೆ ಹೋದೆ. ಭಾವ ಪಕ್ಕದಲ್ಲೇ ಬಂದು ನಿಂತರು. ಅವರ ಹೊಟ್ಟೆ ಪಂಚೆಯ ಮೇಲೆ ಇಳಿದಿತ್ತು, ಅದರ ಚಿಂತೆ ಅವರಿಗೆ ಚೂರೂ ಇರಲಿಲ್ಲ. "ನಿಮ್ಮಪ್ಪ ಅಡಕೆ ಕೊಟ್ರನಾ, ಇಟ್ಕಂಡಿದಾರಾ? ರಾಶಿಗೆ ರೇಟು ಏರೋ ಹಂಗಿದೆ" ಅಂದರು. ಅಷ್ಟೇ. ಮಂಗಳಾರತಿಯಾದ ಮೇಲೆ ಒಬ್ಬರು ಅತ್ತೆ ಮಾತ್ರ ನನ್ನ ಮೈ ಬಗ್ಗೆ ಮಾತಾಡಿದರು: "ಅಯ್ಯೋ, ಪಕ್ಕೆಲುಬು ಎಣಿಸ್ಬಹುದು, ಊಟ ಮಾಡಲ್ವೇನೋ?" ಅದನ್ನೂ ಹಾಳೆಯಲ್ಲಿ ಬರೆದೆ. ಮೇಡಂ ತುಂಬಾ ನಕ್ಕರು.

ಎಲ್ಲ ಮೆಟ್ಟಿಲೂ ಹೀಗೆ ಚೆಂದ ಆಗಲಿಲ್ಲ. ಟೀ ಶರ್ಟ್ ದಿನ ಅರ್ಧ ದಾರಿಯಿಂದ ವಾಪಸ್ ಬಂದು ಜರ್ಕಿನ್ ಹಾಕಿಕೊಂಡೆ. ಕಾಲೇಜಿನಲ್ಲಿ ಒಬ್ಬ ನಿಜವಾಗಿಯೂ ಏನೋ ಅಂದ, ವಾರ ಪೂರ್ತಿ ಹಾಳಾಯ್ತು. ಆಮೇಲೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಮೇಡಂ ಜೊತೆ ಮಾತು ಗುಡ್ಡದ ತಿರುವಿನಲ್ಲಿ ಕೂತು ಫೋನಲ್ಲಿ. ಕಾಲೇಜು ಇಲ್ಲ, ನೋಡುವವರು ಇಲ್ಲ, ಹಾಯಾಗಿದೀನಿ ಅಂದೆ. ಹಾಯಾಗಿರೋದು ಬೇರೆ, ಸರಿಯಾಗಿರೋದು ಬೇರೆ, ಏಣಿಯಲ್ಲಿ ಏನು ಬಾಕಿ ಇದೆ ನೋಡು ಅಂದರು. ಬಾಕಿ ಇದ್ದದ್ದು ನದಿ. ಆ ಏಪ್ರಿಲ್‌ನಲ್ಲಿ ಹೊಳೆಗೆ ಇಳಿದದ್ದು ನಾನು ಮತ್ತು ಚಿಕ್ಕಪ್ಪನ ಮಗ ಇಬ್ಬರೇ. ಎದೆ ಮಟ್ಟ ನೀರಿಗೆ ಬೇಗ ಬೇಗ ಹೋಗಿ ನಿಂತದ್ದರಿಂದ ಅದು ಅರ್ಧ ಮೆಟ್ಟಿಲು ಅಂತ ನಾನೇ ಗುರುತು ಹಾಕಿಕೊಂಡೆ. ಉಳಿದರ್ಧ ಮುಂದಿನ ಬೇಸಿಗೆಯಲ್ಲಿ ಆಯ್ತು.

ಮನೆಯವರಿಗೂ ಮೇಡಂ ಒಂದು ನಿಯಮ ಕೊಟ್ಟಿದ್ದರು. ಮನೆಯಲ್ಲಿ ಯಾರ ಮೈ ಬಗ್ಗೆಯೂ ಮಾತಾಡಬಾರದು. ದಪ್ಪ, ಸಣ್ಣ, ಕಪ್ಪು, ಬಿಳಿ ಯಾವುದೂ ಬೇಡ. ಹೊಗಳಿಕೆಯೂ ಬೇಡ. ಇದರ ಲಾಭ ನನಗಿಂತ ಹೆಚ್ಚು ಆದದ್ದು ಚಿಕ್ಕಪ್ಪನ ಮಗಳಿಗೆ. ಅವಳು ಸ್ವಲ್ಪ ಕಪ್ಪು. ಬಂದವರೆಲ್ಲ ಕಡಲೆಹಿಟ್ಟು, ಅರಿಶಿನ, ಕ್ರೀಮು ಅಂತ ಸಲಹೆ ಕೊಡುತ್ತಿದ್ದರು. ಫೇರ್ ಆ್ಯಂಡ್ ಲವ್ಲಿ 1975ರಿಂದ ಮಾರಾಟದಲ್ಲಿದೆ, ಅಂದರೆ ನಮ್ಮ ಅಮ್ಮಂದಿರು ಅದರ ಜಾಹೀರಾತು ನೋಡುತ್ತಲೇ ಬೆಳೆದವರು. 2020ರಲ್ಲಿ ಅದರ ಹೆಸರು ಬದಲಾಯ್ತು. ಸಲಹೆ ಕೊಡುವವರು ಬದಲಾಗಿರಲಿಲ್ಲ. ಅಮ್ಮ ನಿಯಮ ಹಿಡಿದು ಎಲ್ಲರ ಬಾಯಿ ಮುಚ್ಚಿಸತೊಡಗಿದ ಮೇಲೆ ಅವಳು ಒಮ್ಮೆ ನನಗೆ ಹೇಳಿದಳು, "ಅಣ್ಣ, ನಿನ್ನ ಮೇಡಂಗೆ ನನ್ ಕಡೆಯಿಂದ ಥ್ಯಾಂಕ್ಸ್ ಹೇಳು." ಅವಳು ಅಷ್ಟು ದಿನ ಅನುಭವಿಸಿದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಈಗ ಯಾರಾದರೂ ಹುಡುಗರು ಕೇಳಿದರೆ ನಾನು ಮೊದಲು ಡಾಕ್ಟರಿಗೆ ತೋರಿಸು ಅನ್ನುತ್ತೇನೆ, ಯಾಕೆಂದರೆ ಒಂದೇ ಕಡೆ ಬೇಗ ಬೆಳೆಯುವ ಗಟ್ಟಿ ಗಂಟು, ತೊಟ್ಟಿನಿಂದ ಸೋರುವುದು, ಯಾವುದಾದರೂ ಔಷಧಿ ಶುರು ಮಾಡಿದ ಮೇಲೆ ಬಂದದ್ದು, ಇವನ್ನೆಲ್ಲ ಬಿಡುವ ಹಾಗಿಲ್ಲ. ವರ್ಷಗಳಾದರೂ ಇಳಿಯದಿದ್ದರೆ ಆಪರೇಷನ್ ಇದೆ, ಅದು ನಾಚಿಕೆಯ ವಿಷಯವೂ ಅಲ್ಲ. ಮನಸ್ಸಿನ ಮಾತಿಗೆ ಶಿವಮೊಗ್ಗಕ್ಕೇ ಬರಬೇಕು ಅಂತಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಸ್ನೇಹ ಕ್ಲಿನಿಕ್ ಅಂತ ಇರುತ್ತದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೆಟ್‌ವರ್ಕ್ ಮಾತ್ರ ನೀವೇ ಹುಡುಕಿಕೊಳ್ಳಬೇಕು.

ನಾನೀಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಈಗಲೂ ಒಮ್ಮೆ ಅಡ್ಡ ತಿರುಗಿ ನೋಡುತ್ತೇನೆ. ಒಂದು ಸಲ ನೋಡಿ ಹೊರಗೆ ಬರುತ್ತೇನೆ. ಕೊನೆ ಕೊಯ್ಲಿಗೆ ಊರಿಗೆ ಹೋದಾಗ ಮನೆಯ ನಿಯಮ ಇನ್ನೂ ಜಾರಿಯಲ್ಲಿದೆ, ಅಜ್ಜಿ ಒಬ್ಬರನ್ನು ಬಿಟ್ಟು. ಹೋದ ಸಲ ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಎಷ್ಟು ಸೊರಗಿದೀಯೋ, ಕೆನ್ನೆಯೆಲ್ಲ ಒಳಗೆ ಹೋಗಿದೆ" ಅಂತ ಶುರು ಮಾಡಿದರು. ಅಮ್ಮ ಅಡುಗೆಮನೆಯಿಂದಲೇ, "ಅತ್ತೆ, ಮೈ ಬಗ್ಗೆ ಮಾತಾಡಬಾರ್ದು ಅಂತ ಮೇಡಂ ಹೇಳಿಲ್ವಾ?" ಅಂದರು.

"ಅವ್ರು ನಿಂಗೆ ಹೇಳಿದ್ದು" ಅಂದರು ಅಜ್ಜಿ. "ಫೀಸು ಕೊಟ್ಟೋರು ಕೇಳಿ."